ತೆರಿಗೆಗೊಂದು ಬೆಲೆ, ಪರಿಹಾರಕ್ಕೊಂದು ಬೆಲೆ

ಬೆಂಗಳೂರು ಅರಮನೆಗೆ ಸೇರಿದ 472 ಎಕರೆ 16 ಗುಂಟೆ ನೆಲವನ್ನು ವಶಪಡಿಸಿಕೊಳ್ಳಲು ರಾಜ್ಯ ಸರ್ಕಾರ 1996ರಲ್ಲಿ ಕಾಯ್ದೆ ಮಾಡಿದಾಗ ಅದಕ್ಕೆ ಕಟ್ಟಿದ ಬೆಲೆ 11 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಚದರಡಿಗೆ ಐದು ರೂಪಾಯಿ ಚಿಲ್ಲರೆ. ಅದೇ ನೆಲದ ಅಂಚಿನ ಹದಿನೈದು ಎಕರೆ ಚಿಲ್ಲರೆ ಜಾಗ ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಗಳ ಅಗಲೀಕರಣಕ್ಕೆ ಬೇಕಾಯಿತು. ಅದಕ್ಕೆ ಪ್ರತಿಯಾಗಿ ಏನು ಕೊಡಬೇಕೆಂಬ ಪ್ರಶ್ನೆ 2024ರ ಡಿಸೆಂಬರ್‌ನಲ್ಲಿ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ ಸರ್ಕಾರವೇ ನಿಗದಿ ಮಾಡಿರುವ ಮಾರ್ಗಸೂಚಿ ದರದಂತೆ ಲೆಕ್ಕ ಹಾಕಿ ಎಂದು ನ್ಯಾಯಾಲಯ ಹೇಳಿತು. ಆ ದರ ಬಳ್ಳಾರಿ ರಸ್ತೆಯ ಕಡೆ ಚದರ ಮೀಟರಿಗೆ 2.83 ಲಕ್ಷ ರೂಪಾಯಿ, ಜಯಮಹಲ್ ರಸ್ತೆಯ ಕಡೆ 2.04 ಲಕ್ಷ. ಚದರಡಿಯ ಲೆಕ್ಕದಲ್ಲಿ ಬಳ್ಳಾರಿ ರಸ್ತೆಯ ನೆಲ 26 ಸಾವಿರ ದಾಟುತ್ತದೆ.

ಐದು ರೂಪಾಯಿಗೂ 26 ಸಾವಿರಕ್ಕೂ ನಡುವೆ ಇಪ್ಪತ್ತೆಂಟು ವರ್ಷಗಳಿವೆ, ನಿಜ. ಬೆಂಗಳೂರು ಆ ಅವಧಿಯಲ್ಲಿ ಬೇರೆಯೇ ಊರಾಗಿದೆ, ಅದೂ ನಿಜ. ಆದರೆ ಸರ್ಕಾರದ ವಾದ ಬೆಲೆ ಏರಿಕೆಯ ಕುರಿತಾಗಿರಲಿಲ್ಲ. 1996ರ ಕಾಯ್ದೆಯ ದರವೇ ತನಗೆ ಅನ್ವಯಿಸುತ್ತದೆ, ಮಾರ್ಗಸೂಚಿ ದರದಲ್ಲಿ ಕೊಟ್ಟರೆ ಸುಮಾರು ಮೂರು ಸಾವಿರ ಕೋಟಿ ರೂಪಾಯಿ ಮೌಲ್ಯದ, ಟಿಡಿಆರ್ ಎಂಬ ಅಭಿವೃದ್ಧಿ ಹಕ್ಕುಪತ್ರ ಬರೆದುಕೊಡಬೇಕಾಗುತ್ತದೆ ಎಂಬುದು ಅದರ ವಾದ. 2025ರ ಜನವರಿಯಲ್ಲಿ ಸಚಿವ ಸಂಪುಟ ಈ ನೆಲದ ಕುರಿತು ಸುಗ್ರೀವಾಜ್ಞೆಗೇ ಒಪ್ಪಿಗೆ ಕೊಟ್ಟಿತು.

ರಾಜಮನೆತನದ ಆಸ್ತಿಯ ಬಗ್ಗೆ ಕಣ್ಣೀರು ಹಾಕುವ ಅಗತ್ಯ ನನಗೂ ಕಾಣುವುದಿಲ್ಲ. ಆದರೂ ಈ ಪ್ರಕರಣ ಮುಖ್ಯ. ಏಕೆಂದರೆ ಅರಮನೆಯವರಿಗೆ ವಕೀಲರಿದ್ದಾರೆ, ದೆಹಲಿಯವರೆಗೆ ಹೋಗುವ ಶಕ್ತಿಯಿದೆ. 30x40 ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ, ವರ್ತುಲ ರಸ್ತೆಯ ಹಾದಿಯಲ್ಲಿ ಎರಡೆಕರೆ ಇರುವ ರೈತನಿಗೆ ಅದಿಲ್ಲ. ಇವರೆಲ್ಲರೂ ಎದುರಿಸುತ್ತಿರುವ ಸಮಸ್ಯೆ ಒಂದೇ: ನಮ್ಮಿಂದ ವಸೂಲು ಮಾಡುವಾಗ ಸರ್ಕಾರ ನೆಲಕ್ಕೆ ಒಂದು ಬೆಲೆ ಕಟ್ಟುತ್ತದೆ, ನಮಗೆ ಕೊಡುವಾಗ ಇನ್ನೊಂದು. ಕೊಳ್ಳುವಾಗ ದೊಡ್ಡ ಸೇರು, ಅಳೆದುಕೊಡುವಾಗ ಸಣ್ಣ ಸೇರು ಇಟ್ಟುಕೊಂಡ ಅಂಗಡಿಯವನನ್ನು ಸಂತೆಯಲ್ಲಿ ಯಾರೂ ಸಹಿಸುವುದಿಲ್ಲ.

ಮೊದಲು ವಸೂಲಿಯ ಕಡೆ ನೋಡೋಣ. ಬೆಂಗಳೂರಿನಲ್ಲಿ 2008ರಿಂದ ಆಸ್ತಿ ತೆರಿಗೆ ‘ಯೂನಿಟ್ ಏರಿಯಾ ವ್ಯಾಲ್ಯೂ’ ಪದ್ಧತಿಯಲ್ಲಿ ನಡೆದುಬಂದಿದೆ. ನಗರವನ್ನು ಎ ಇಂದ ಎಫ್‌ವರೆಗೆ ಆರು ವಲಯ ಮಾಡಿ, ವಲಯಕ್ಕೊಂದು ಚದರಡಿ ದರ ಇಟ್ಟಿದ್ದಾರೆ. ಆ ದರವನ್ನು ಮನೆಯ ವಿಸ್ತೀರ್ಣದಿಂದ ಗುಣಿಸಿ, ಹತ್ತು ತಿಂಗಳಿಗೆ ಲೆಕ್ಕ ಹಾಕಿ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದರೆ ವಾರ್ಷಿಕ ಮೌಲ್ಯ ಸಿಗುತ್ತದೆ. ವಾಸದ ಮನೆಗೆ ಅದರ ಶೇ 20, ವಾಣಿಜ್ಯ ಕಟ್ಟಡಕ್ಕೆ ಶೇ 25 ತೆರಿಗೆ. ತೆರಿಗೆಯ ಮೇಲೆ ಮತ್ತೆ ಶೇ 24 ಸೆಸ್. ಏಪ್ರಿಲ್ ಮುಗಿಯುವುದರೊಳಗೆ ಪೂರ್ತಿ ಕಟ್ಟಿದವರಿಗೆ ಶೇ 5 ರಿಯಾಯಿತಿ. ಯಾವ ಬೀದಿ ಯಾವ ವಲಯಕ್ಕೆ ಸೇರಬೇಕು ಎಂದು ನಿರ್ಧರಿಸಿದ್ದು ಅಲ್ಲಿನ ಮಾರ್ಗಸೂಚಿ ದರ. ಅಂದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರ ನೋಂದಾಯಿಸುವಾಗ ಮುದ್ರಾಂಕ ಶುಲ್ಕಕ್ಕೆ ಆಧಾರವಾಗುವ ದರವೇ ತೆರಿಗೆಯ ಬೆನ್ನಿಗೂ ಇತ್ತು. ಆದರೆ ನೇರವಾಗಿ ಇರಲಿಲ್ಲ, ವಲಯದ ಮೂಲಕ ಇತ್ತು.

2016ರಲ್ಲಿ ವಾಸದ ಮನೆಗಳಿಗೆ ಶೇ 20ರಷ್ಟು, ವಾಣಿಜ್ಯ ಕಟ್ಟಡಗಳಿಗೆ ಶೇ 25ರಷ್ಟು ದರ ಏರಿತು. ವಲಯಗಳೂ ಬದಲಾದವು. ಹೊಸ ವಲಯ ಗಮನಿಸದೆ ಹಳೆಯ ವಲಯದಂತೆಯೇ ಸ್ವಯಂ ಘೋಷಣೆ ಮಾಡಿ ಕಟ್ಟಿದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಾಲೀಕರಿಗೆ ವರ್ಷಗಳ ನಂತರ ವ್ಯತ್ಯಾಸದ ಹಣ, ದಂಡ, ಬಡ್ಡಿ ಸೇರಿಸಿ ನೋಟಿಸ್ ಬಂತು. ಅಷ್ಟು ವರ್ಷವೂ ಪಾಲಿಕೆಯ ಜಾಲತಾಣವೇ ಅವರ ಹಣ ಸ್ವೀಕರಿಸಿ ರಸೀದಿ ಕೊಟ್ಟಿತ್ತು. ಗಲಾಟೆಯಾದ ಮೇಲೆ ಸರ್ಕಾರ ದಂಡ ಕೈಬಿಟ್ಟಿತು. ಆದರೆ ಪ್ರಾಮಾಣಿಕವಾಗಿ ಕಟ್ಟಿದವರಿಗೆ ಆದ ಅವಮಾನ ಯಾವ ಲೆಕ್ಕದಲ್ಲೂ ಬರಲಿಲ್ಲ.

2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಮಾರ್ಗಸೂಚಿ ದರ ಏರಿತು. ಅದಾದ ಕೆಲವೇ ತಿಂಗಳಿಗೆ, 2024ರ ಫೆಬ್ರುವರಿಯಲ್ಲಿ, ವಲಯ ಪದ್ಧತಿಯನ್ನೇ ತೆಗೆದು ತೆರಿಗೆಯನ್ನು ನೇರವಾಗಿ ಮಾರ್ಗಸೂಚಿ ದರಕ್ಕೆ ಕಟ್ಟುವ ಕರಡು ಬಂತು. ಮಾಲೀಕರೇ ವಾಸವಿರುವ ಮನೆಗೆ ಮಾರ್ಗಸೂಚಿ ಬೆಲೆಯ ಶೇ 0.1, ಬಾಡಿಗೆಗೆ ಕೊಟ್ಟ ಮನೆಗೆ ಶೇ 0.2, ವಾಣಿಜ್ಯಕ್ಕೆ ಶೇ 0.5, ಖಾಲಿ ನಿವೇಶನಕ್ಕೆ ಶೇ 0.025. ಚುನಾವಣೆ ಎದುರಿಗಿತ್ತು, ಆ ವರ್ಷ ಅದು ಜಾರಿಗೆ ಬರಲಿಲ್ಲ. ರಾಜ್ಯದ ಉಳಿದ ನಗರ, ಪಟ್ಟಣಗಳಲ್ಲಿ ಆಸ್ತಿ ತೆರಿಗೆ ಈಗಾಗಲೇ ಮಾರ್ಗಸೂಚಿ ದರವನ್ನೇ ಅವಲಂಬಿಸಿದೆ, ಮೇಲೆ ವರ್ಷವರ್ಷವೂ ಒಂದಿಷ್ಟು ಏರುತ್ತದೆ. ಬೆಂಗಳೂರೂ ಒಂದಲ್ಲ ಒಂದು ದಿನ ಅಲ್ಲಿಗೇ ಹೋಗುತ್ತದೆ ಎಂದು ನಾನು ನಂಬಿದ್ದೇನೆ. ಹೋಗುವುದು ತಪ್ಪೂ ಅಲ್ಲ. ಬೆಲೆ ಹೆಚ್ಚಿರುವ ಆಸ್ತಿಯಿಂದ ಹೆಚ್ಚು ತೆರಿಗೆ ಬರಬೇಕೆಂಬುದು ನ್ಯಾಯವಾದ ಮಾತು.

ಒಂದು ಮನೆಯ ಲೆಕ್ಕ ಹಾಕಿ ನೋಡಿ. 30x40 ನಿವೇಶನ, ಅಂದರೆ 1,200 ಚದರಡಿ. ಬೀದಿಯ ಮಾರ್ಗಸೂಚಿ ದರ ಚದರಡಿಗೆ 5,000 ರೂಪಾಯಿ ಎಂದುಕೊಳ್ಳೋಣ. ನೆಲ 60 ಲಕ್ಷ, ಕಟ್ಟಡ 24 ಲಕ್ಷ, ಒಟ್ಟು 84 ಲಕ್ಷ. ಮಾಲೀಕರೇ ವಾಸವಿದ್ದರೆ ಆ ಕರಡಿನ ದರದಲ್ಲಿ ತೆರಿಗೆ 8,400 ರೂಪಾಯಿ, ಸೆಸ್ ಬೇರೆ. ಮಾರ್ಗಸೂಚಿ ದರ ಶೇ 30 ಏರಿತೆಂದರೆ ತೆರಿಗೆ 10,920 ಆಗುತ್ತದೆ. ತೆರಿಗೆ ಏರಿಸುತ್ತೇವೆ ಎಂದು ಯಾವ ಸಭೆಯಲ್ಲೂ ಯಾರೂ ಕೈ ಎತ್ತಬೇಕಾಗಿಲ್ಲ. ಮುದ್ರಾಂಕ ಇಲಾಖೆಯ ಒಂದು ಅಧಿಸೂಚನೆ ಸಾಕು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಗಳ ಕೈಯಲ್ಲೇ ನಡೆದ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. 2025ರ ಏಪ್ರಿಲ್‌ನಿಂದ ತೆರಿಗೆಯ ಜೊತೆ ಕಸದ ಬಳಕೆದಾರರ ಶುಲ್ಕವೂ ಸೇರಿತು. 600 ಚದರಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರಡಿ ಮೀರಿದರೆ 400. ಸಂಬಳ ಬರುವವರಿಗೆ ಇದು ದೊಡ್ಡ ಹೊರೆಯಾಗದಿರಬಹುದು. 1980ರ ದಶಕದಲ್ಲಿ ಸಾಲ ಮಾಡಿ ಮನೆ ಕಟ್ಟಿ, ಈಗ ಪಿಂಚಣಿಯಲ್ಲಿ ಬದುಕುವವರಿಗೆ ಮನೆಯ ಬೆಲೆ ಏರಿದರೆ ಕೈಗೆ ಒಂದು ರೂಪಾಯಿಯೂ ಹೆಚ್ಚು ಬರುವುದಿಲ್ಲ, ಕಟ್ಟಬೇಕಾದ ತೆರಿಗೆ ಮಾತ್ರ ಹೆಚ್ಚುತ್ತದೆ.

ಈಗ ಕೊಡುವ ಕಡೆಗೆ ಬನ್ನಿ. ಅದೇ ಮನೆಯ ಮುಂದಿನ ರಸ್ತೆ ಅಗಲೀಕರಣವಾಗುತ್ತದೆ, ಹತ್ತಡಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಮೂವತ್ತಡಿ ಅಗಲದ ನಿವೇಶನದಲ್ಲಿ ಹತ್ತಡಿ ಎಂದರೆ 300 ಚದರಡಿ. 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ, ಮಾರುಕಟ್ಟೆ ಬೆಲೆ ನಿರ್ಧರಿಸಲು ಮುದ್ರಾಂಕ ದರ ಒಂದು ಆಧಾರ, ಸುತ್ತಲಿನ ಕ್ರಯಪತ್ರಗಳ ಸರಾಸರಿ ಇನ್ನೊಂದು. ಯಾವುದು ಹೆಚ್ಚೋ ಅದು. ನಗರದಲ್ಲಿ ಗುಣಾಂಕ ಒಂದು, ಹಳ್ಳಿಯಲ್ಲಿ ಒಂದರಿಂದ ಎರಡು. ಆಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ, ಅಂದರೆ ಶೇ 100 ಸೊಲೇಷಿಯಂ. ನಮ್ಮ ಮನೆಯ ಲೆಕ್ಕದಲ್ಲಿ ನೆಲಕ್ಕೆ 15 ಲಕ್ಷ, ಸಾಂತ್ವನ ಧನ 15 ಲಕ್ಷ, ಒಟ್ಟು 30 ಲಕ್ಷ ರೂಪಾಯಿ. ಒಡೆದ ಕಟ್ಟಡದ ಭಾಗಕ್ಕೆ ಬೇರೆ.

ಬೆಂಗಳೂರಿನಲ್ಲಿ ರಸ್ತೆಗೆ ಜಾಗ ಬಿಟ್ಟ ಎಷ್ಟು ಜನ ಹೀಗೆ ಚೆಕ್ ಪಡೆದಿದ್ದಾರೆ? ಬಹಳ ಕಡಿಮೆ. ಇಲ್ಲಿ ಚಾಲ್ತಿಯಲ್ಲಿರುವುದು ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು. ಬಿಟ್ಟುಕೊಟ್ಟ ನೆಲದ ಎರಡರಷ್ಟು ವಿಸ್ತೀರ್ಣವನ್ನು ಇನ್ನೆಲ್ಲೋ ಹೆಚ್ಚುವರಿಯಾಗಿ ಕಟ್ಟಬಹುದು ಎಂಬ ಪ್ರಮಾಣಪತ್ರ ಅದು. ನೀವೇ ಕಟ್ಟಿಕೊಳ್ಳಬಹುದು, ಬಿಲ್ಡರ್‌ಗೆ ಮಾರಬಹುದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕೊಳ್ಳುವವರು ಯಾರು, ಯಾವ ಬೆಲೆಗೆ ಎಂಬುದು ಸಾಮಾನ್ಯ ಮಾಲೀಕರಿಗೆ ಗೊತ್ತಾಗುವ ದಾರಿಯಿಲ್ಲ. ದಲ್ಲಾಳಿಗಳ ಕೈಗೆ ಅಗ್ಗಕ್ಕೆ ಹೋಗುತ್ತದೆ. 2019ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಟಿಡಿಆರ್ ಅಕ್ರಮಗಳ ತನಿಖೆಗೆ ಇಳಿದಾಗ ಈ ಕಾಗದ ಹೇಗೆಲ್ಲ ಕೈ ಬದಲಾಯಿಸುತ್ತದೆ ಎಂಬುದು ಊರಿಗೇ ತಿಳಿಯಿತು.

ಅಗಲೀಕರಣದ ಗುರುತು ಬಿದ್ದ ಬೀದಿಯಲ್ಲಿ ಒಮ್ಮೆ ನಡೆದು ನೋಡಬೇಕು. ಗೋಡೆಗಳ ಮೇಲೆ ಕೆಂಪು ಬಣ್ಣದ ಗೆರೆ, ಪಕ್ಕದಲ್ಲಿ ಒಂದು ಸಂಖ್ಯೆ. ಆ ಗೆರೆ ಬಿದ್ದ ದಿನದಿಂದ ಅಂಗಡಿಯವರು ಶಟರ್ ರಿಪೇರಿ ಮಾಡಿಸುವುದಿಲ್ಲ, ಮನೆಯವರು ಸುಣ್ಣ ಬಣ್ಣ ಹೊಡೆಸುವುದಿಲ್ಲ. ಒಡೆದ ಮೇಲೆ ಅರ್ಧ ಸೀಳಿದ ಕೋಣೆಗಳು ರಸ್ತೆಗೆ ಮುಖ ಮಾಡಿ ನಿಲ್ಲುತ್ತವೆ, ಗೋಡೆಯಲ್ಲಿ ದೇವರ ಗೂಡು, ಬಚ್ಚಲಿನ ಟೈಲ್ಸ್ ಎಲ್ಲ ಹೊರಗೆ ಕಾಣುತ್ತಾ. ಮಾಲೀಕರಿಗೆ ಟಿಡಿಆರ್ ಪತ್ರವಾದರೂ ಉಂಟು. ಆ ಮಳಿಗೆಯಲ್ಲಿ ಇಪ್ಪತ್ತು ವರ್ಷದಿಂದ ಬಾಡಿಗೆಗಿದ್ದು ಟೈಲರಿಂಗ್ ಮಾಡುತ್ತಿದ್ದವರಿಗೆ, ಹೂವಿನ ಅಂಗಡಿಯವರಿಗೆ, ಬೇಕರಿಯಲ್ಲಿ ಕೆಲಸಕ್ಕಿದ್ದ ಹುಡುಗರಿಗೆ ಏನೂ ಇಲ್ಲ. 2013ರ ಕಾಯ್ದೆ ಹೀಗೆ ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಆ ಜಾಗವನ್ನೇ ನಂಬಿ ದುಡಿದ ಬಾಡಿಗೆದಾರರನ್ನೂ ಬಾಧಿತ ಕುಟುಂಬ ಎಂದು ಗುರುತಿಸುತ್ತದೆ. ಟಿಡಿಆರ್ ದಾರಿ ಹಿಡಿದಾಗ ಆ ಬಾಗಿಲು ಮುಚ್ಚಿಹೋಗುತ್ತದೆ.

ಊರ ಹೊರಗೆ ಪರಿಸ್ಥಿತಿ ಇನ್ನೂ ಕಠಿಣ. 73 ಕಿಲೋಮೀಟರ್ ಉದ್ದದ ಪೆರಿಫೆರಲ್ ರಿಂಗ್ ರೋಡ್‌ಗೆ, ಈಗ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೆಸರು ಪಡೆದಿರುವ ಯೋಜನೆಗೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಭೂಸ್ವಾಧೀನದ ಅಂತಿಮ ಅಧಿಸೂಚನೆ ಹೊರಡಿಸಿದ್ದು 2007ರಲ್ಲಿ. ಅಂದಿನಿಂದ ಆ ಜಮೀನುಗಳನ್ನು ಮಾರುವಂತಿಲ್ಲ, ಪರಿವರ್ತನೆ ಮಾಡಿಸುವಂತಿಲ್ಲ. ಪಹಣಿಯ 11ನೇ ಕಾಲಂನಲ್ಲಿ ಬಿಡಿಎ ಹೆಸರು ಕಂಡೊಡನೆ ಬ್ಯಾಂಕಿನವರು ಅರ್ಜಿ ಮಡಚಿ ಹಿಂದಕ್ಕೆ ಕೊಡುತ್ತಾರೆ. ಮಗಳ ಮದುವೆ, ಮಗನ ಓದು, ಆಸ್ಪತ್ರೆ ಖರ್ಚು ಯಾವುದಕ್ಕೂ ಆ ಭೂಮಿ ಒದಗುವುದಿಲ್ಲ. 2013ರ ಕಾಯ್ದೆಯಂತೆ ಪರಿಹಾರ ಕೊಡಿ ಎಂದು ರೈತರು ಕೇಳಿದರು. ಬಿಡಿಎ ಸ್ವಾಧೀನಕ್ಕೆ ಅದರದೇ 1976ರ ಕಾಯ್ದೆ ಇದೆ, ಅದು 1894ರ ಹಳೆಯ ಭೂಸ್ವಾಧೀನ ಕಾಯ್ದೆಯನ್ನು ಹಿಡಿದು ನಡೆಯುತ್ತದೆ ಎಂಬ ಉತ್ತರ ಬಂತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹಳೆಯ ಕಾಯ್ದೆಯಲ್ಲಿ ಸಾಂತ್ವನ ಧನ ಶೇ 30 ಮಾತ್ರ. ಹೆದ್ದಾರಿಗೆ ಭೂಮಿ ಕಳೆದುಕೊಂಡ ಪಕ್ಕದ ಊರಿನವನಿಗೆ ಒಂದು ನ್ಯಾಯ, ವರ್ತುಲ ರಸ್ತೆಗೆ ಕಳೆದುಕೊಂಡ ಇವನಿಗೆ ಇನ್ನೊಂದು. ಈಗ ಪ್ರಾಧಿಕಾರ ನಗದು, ಟಿಡಿಆರ್, ಅಭಿವೃದ್ಧಿಪಡಿಸಿದ ನೆಲದಲ್ಲಿ ಪಾಲು ಎಂದು ಬೇರೆ ಬೇರೆ ಆಯ್ಕೆಗಳನ್ನು ಮುಂದಿಟ್ಟಿದೆ. ಯೋಜನೆಗೆ ಅಂದಾಜಿಸಿದ್ದ ವೆಚ್ಚ ಸುಮಾರು 27,000 ಕೋಟಿ. ಅದರಲ್ಲಿ ನೆಲಕ್ಕೇ ಸಿಂಹಪಾಲು. 2007ರಲ್ಲೇ ಹಣ ಕೊಟ್ಟು ಕೊಂಡಿದ್ದರೆ ಇದರ ಎಷ್ಟು ಸಣ್ಣ ಪಾಲಿನಲ್ಲಿ ಮುಗಿಯುತ್ತಿತ್ತೆಂದು ಯೋಚಿಸಿದರೆ ಸಂಕಟವಾಗುತ್ತದೆ.

ಸರ್ಕಾರದ ಬಳಿ ದುಡ್ಡಿಲ್ಲ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬೆಂಗಳೂರು ಪಾಲಿಕೆ (ಬಿಬಿಎಂಪಿ) 2024-25ರಲ್ಲಿ ಸಂಗ್ರಹಿಸಿದ ಆಸ್ತಿ ತೆರಿಗೆ ಸುಮಾರು 4,900 ಕೋಟಿ ರೂಪಾಯಿ. ಅದರ ಮರುವರ್ಷದ ಬಜೆಟ್ ಗಾತ್ರ ಸುಮಾರು 20,000 ಕೋಟಿ. ಪಾಲಿಕೆ ಐದು ಭಾಗವಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಬಂದ ಮೇಲೂ ಈ ಗಣಿತ ಬದಲಾಗುವುದಿಲ್ಲ. ಕಸ, ಚರಂಡಿ, ಬೀದಿದೀಪ, ಪೌರಕಾರ್ಮಿಕರ ಸಂಬಳ ಕಳೆದು ಉಳಿದದ್ದರಲ್ಲಿ ಬಳ್ಳಾರಿ ರಸ್ತೆಯ ನೆಲ ಕೊಳ್ಳಲು ಆಗುವುದಿಲ್ಲ.

ಆದರೆ ಕೊಳ್ಳಲು ಆಗದು ಎಂಬ ಮಾತಿನಿಂದ ನಾವು ಯಾವ ಪಾಠ ಕಲಿಯಬೇಕು? ಸರ್ಕಾರ ಕಲಿತಿರುವುದು, ಹಾಗಾದರೆ ನೆಲದ ಬೆಲೆಯನ್ನು ಕಡಿಮೆ ಮಾಡೋಣ ಎಂಬ ಪಾಠ. ನನಗೆ ಕಾಣುವುದು ಬೇರೆ. ನೆಲಕ್ಕೆ ನಿಜವಾದ ಬೆಲೆ ಕೊಡಬೇಕಾಗಿ ಬಂದಾಗ ಮಾತ್ರ ಆಡಳಿತ ಯೋಚನೆ ಮಾಡುತ್ತದೆ. ಎರಡು ಕಿಲೋಮೀಟರ್ ರಸ್ತೆ ಅಗಲ ಮಾಡಲು ಮೂರು ಸಾವಿರ ಕೋಟಿಯ ನೆಲ ಬೇಕು ಎಂದಾದರೆ, ಅದೇ ರಸ್ತೆಯಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಕೊಡುವುದು, ವಿಮಾನ ನಿಲ್ದಾಣದ ಕಡೆ ಬೇಗ ರೈಲು ಓಡಿಸುವುದು ಅಗ್ಗವಲ್ಲವೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ನೆಲ ಪುಕ್ಕಟೆ ಸಿಗುತ್ತದೆ ಎಂದಾಗ ಆ ಪ್ರಶ್ನೆ ಏಳುವುದೇ ಇಲ್ಲ. ನಕ್ಷೆಯ ಮೇಲೆ ಗೆರೆ ಎಳೆಯುವುದಷ್ಟೇ ಕೆಲಸ. ನಮ್ಮ ಊರುಗಳಲ್ಲಿ ಎಳೆದು ಬಿಟ್ಟ ಗೆರೆಗಳು ಇಷ್ಟೊಂದು ಇರುವುದಕ್ಕೆ ಕಾರಣ ಇದೇ.

ಟಿಡಿಆರ್ ಪುಕ್ಕಟೆ ಎಂಬುದೂ ಭ್ರಮೆ. ಬಜೆಟ್ಟಿನಲ್ಲಿ ಅದರ ಖರ್ಚು ಕಾಣುವುದಿಲ್ಲ, ಅಷ್ಟೇ. ಒಂದು ಕಡೆ ರಸ್ತೆಗೆ ಬಿಟ್ಟ ನೆಲಕ್ಕೆ ಪ್ರತಿಯಾಗಿ ಇನ್ನೊಂದು ಬಡಾವಣೆಯಲ್ಲಿ ಎರಡು ಅಂತಸ್ತು ಹೆಚ್ಚು ಏಳುತ್ತದೆ. ಆ ಅಂತಸ್ತುಗಳಿಗೆ ಬೇಕಾದ ಕಾವೇರಿ ನೀರು, ಅಲ್ಲಿಂದ ಹೊರಬೀಳುವ ಕೊಳಚೆ, ಬೀದಿಯಲ್ಲಿ ನಿಲ್ಲುವ ಕಾರುಗಳು, ಇವೆಲ್ಲವನ್ನು ಹೊರುವವರು ಆ ಬಡಾವಣೆಯ ಜನ. ಅವರನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ.

ಹಣಕ್ಕೆ ದಾರಿ ಇಲ್ಲವೆಂದಲ್ಲ. ರಸ್ತೆ, ಮೆಟ್ರೊ ಬಂದಾಗ ಅಕ್ಕಪಕ್ಕದ ನೆಲದ ಬೆಲೆ ಸಾರ್ವಜನಿಕರ ಹಣದಿಂದಲೇ ಏರುತ್ತದೆ. ಆ ಏರಿಕೆಯಲ್ಲಿ ಒಂದು ಪಾಲನ್ನು ಅಭಿವೃದ್ಧಿ ತೆರಿಗೆಯಾಗಿ ವಸೂಲು ಮಾಡಲು ಬಿಡಿಎ ಕಾಯ್ದೆಯಲ್ಲೇ 1976ರಿಂದ ಅವಕಾಶವಿದೆ. ಗುಜರಾತಿನ ನಗರಗಳು ಟೌನ್ ಪ್ಲಾನಿಂಗ್ ಸ್ಕೀಮ್ ಮೂಲಕ ಆಯಾ ಪ್ರದೇಶದ ಎಲ್ಲ ಭೂಮಾಲೀಕರಿಂದಲೂ ಒಂದಿಷ್ಟು ಪಾಲು ಪಡೆದು, ರಸ್ತೆ, ಪಾರ್ಕು ಬಿಟ್ಟು, ಉಳಿದದ್ದನ್ನು ಮರಳಿ ಹಂಚುತ್ತವೆ. ಯಾರೋ ಒಬ್ಬನ ಜಮೀನು ಪೂರ್ತಿ ರಸ್ತೆಯಾಗಿ, ಪಕ್ಕದವನು ರಸ್ತೆ ಬದಿಯ ಸೈಟುಗಳ ಒಡೆಯನಾಗುವ ಅನ್ಯಾಯ ಅಲ್ಲಿ ಕಡಿಮೆ. ನಮ್ಮಲ್ಲಿ ನಡೆಯುತ್ತಿರುವುದೇನು? 2024ರ ಕರಡನ್ನು ಮತ್ತೊಮ್ಮೆ ನೋಡಿ. ವಾಸದ ಮನೆಗೆ ಶೇ 0.1 ಎಂದವರು ಖಾಲಿ ನಿವೇಶನಕ್ಕೆ ಅದರ ಕಾಲು ಭಾಗ ಇಟ್ಟಿದ್ದರು. ಬೇಲಿ ಹಾಕಿ, ಬೆಲೆ ಏರಲಿ ಎಂದು ಹತ್ತಾರು ವರ್ಷ ಕಾಯುವ ಸೈಟಿಗೆ ಎಲ್ಲಕ್ಕಿಂತ ಕಡಿಮೆ ತೆರಿಗೆ. ಮೆಟ್ರೊದ ಲಾಭ ಮೊದಲು ಮುಟ್ಟುವುದು ಅದಕ್ಕೇ. ಅಲ್ಲಿ ಬಿಟ್ಟ ಹಣವನ್ನು ಪಿಂಚಣಿದಾರರ ಮನೆಯಲ್ಲಿ ಹುಡುಕುವುದು ಸರಿಯಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು. ಆಸ್ತಿ ತೆರಿಗೆಯನ್ನು ಮಾರ್ಗಸೂಚಿ ದರಕ್ಕೆ ಕಟ್ಟುವುದಾದರೆ ಕಟ್ಟಿ, ಆದರೆ ಅದೇ ದಿನ, ಅದೇ ಕಾಯ್ದೆಯಲ್ಲಿ, ನಗರಕ್ಕಾಗಿ ಪಡೆಯುವ ಪ್ರತಿ ಚದರಡಿಗೂ ಅದಕ್ಕಿಂತ ಕಡಿಮೆ ದರ ಕೊಡುವುದಿಲ್ಲ ಎಂದೂ ಬರೆಯಿರಿ. ಬಿಡಿಎಗೆ ಬೇರೆ ನ್ಯಾಯ ಬೇಡ. ಟಿಡಿಆರ್ ಬೇಕೋ ಹಣ ಬೇಕೋ ಎಂಬುದು ನೆಲ ಕೊಡುವವರ ಆಯ್ಕೆಯಾಗಲಿ. ಬಾಡಿಗೆಗಿದ್ದ ಅಂಗಡಿಯವರಿಗೂ ಪರಿಹಾರ ಇರಲಿ. ಬೇರೆ ಆದಾಯವಿಲ್ಲದ ವಯೋವೃದ್ಧರಿಗೆ ಏರಿದ ತೆರಿಗೆಯನ್ನು ಮನೆ ಮಾರಾಟವಾಗುವವರೆಗೆ ಅಥವಾ ವಾರಸುದಾರರ ಹೆಸರಿಗೆ ಖಾತೆಯಾಗುವವರೆಗೆ ಬಡ್ಡಿಯಿಲ್ಲದೆ ಮುಂದೂಡಿ. ಗೆರೆ ಎಳೆದು ಐದು ವರ್ಷದೊಳಗೆ ಹಣ ಕೊಡದಿದ್ದರೆ ಗೆರೆ ಅಳಿಸಿ, ಪಹಣಿಯನ್ನು ಶುದ್ಧ ಮಾಡಿಕೊಡಿ.

ಓದುಗರಿಗೂ ಒಂದು ಮಾತು. ಮಾರ್ಗಸೂಚಿ ದರ ಪರಿಷ್ಕರಣೆಯಾಗುವ ಮುನ್ನ ಅದರ ಕರಡು ಪ್ರಕಟವಾಗುತ್ತದೆ, ಆಕ್ಷೇಪಣೆಗೆ ಕೆಲವೇ ದಿನಗಳ ಅವಕಾಶವಿರುತ್ತದೆ. ಬಹುತೇಕರು ಅದನ್ನು ನೋಡುವುದೇ ಇಲ್ಲ. ನೋಡಿದವರೂ ದರ ಹೆಚ್ಚಾಯಿತು, ಇಳಿಸಿ ಎಂದಷ್ಟೇ ಬರೆಯುತ್ತಾರೆ. ಇಂದು ಕಡಿಮೆ ಬರೆಸಿಕೊಂಡ ದರವೇ ನಾಳೆ ರಸ್ತೆಗೆ ಜಾಗ ಹೋದಾಗ ನಿಮ್ಮ ಪರಿಹಾರದ ದರವಾಗಿ ಎದುರು ನಿಲ್ಲುತ್ತದೆ. ಮುಂದಿನ ಕರಡು ಬಂದಾಗ ನಿಮ್ಮ ಬೀದಿಯ ಸಾಲನ್ನು ಹುಡುಕಿ ಓದಿ. ಅಕ್ಕಪಕ್ಕದಲ್ಲಿ ನಿಜವಾಗಿ ನಡೆದ ಮಾರಾಟದ ಬೆಲೆಯೊಂದಿಗೆ ಹೋಲಿಸಿ. ದರ ಸುಳ್ಳಾಗಿದ್ದರೆ, ಅದು ಮೇಲಿರಲಿ ಕೆಳಗಿರಲಿ, ಉಪನೋಂದಣಾಧಿಕಾರಿ ಕಚೇರಿಗೆ ಲಿಖಿತವಾಗಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.